ಮನೆಮನೆಯ ಮನಸ್ಸಿಗೊಂದು ಮಾಪಕ: ಗ್ರಾಹಕ ವಿಶ್ವಾಸವನ್ನು ಅಳೆಯುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಒಂದು ಸಂಜೆ ಸುತ್ತಾಡಿ ಬನ್ನಿ. ಕಿರಾಣಿ ಅಂಗಡಿಯವರನ್ನು "ಹ್ಯಾಂಗ ನಡದೈತ್ರಿ ವ್ಯಾಪಾರ?" ಎಂದು ಕೇಳಿದರೆ, "ಏನ್ ಹೇಳೂದ್ರಿ, ಮಂದಿ ಕೈಯಾಗ ರೊಕ್ಕ ಇಲ್ರಿ" ಎನ್ನುತ್ತಾರೆ. ಹತ್ತು ಹೆಜ್ಜೆ ಮುಂದೆ ಮೊಬೈಲ್ ಅಂಗಡಿಯವರು "ಛಲೋ ಐತ್ರಿ" ಎನ್ನುತ್ತಾರೆ. ಕೈಗಾರಿಕಾ ವಸಾಹತಿನ ಲೇತ್ ಯಂತ್ರದ ಮುಂದೆ ನಿಂತವರ ಮಾತು ಮೂರನೆಯದೇ ಆಗಿರುತ್ತದೆ. ಇವರಲ್ಲಿ ಯಾರ ಮಾತು ನಿಜ?

ಮೂವರದೂ ನಿಜವಿರಬಹುದು. ಪ್ರತಿಯೊಬ್ಬರೂ ತಮ್ಮ ಕಣ್ಣೆದುರಿನ ಜಗತ್ತನ್ನು ವರ್ಣಿಸುತ್ತಿದ್ದಾರೆ. ಆದರೆ ಇಡೀ ಊರಿನ, ಇಡೀ ದೇಶದ ಕುಟುಂಬಗಳು ತಮ್ಮ ಇಂದಿನ ಸ್ಥಿತಿಯ ಬಗ್ಗೆ ಏನು ತಿಳಿದುಕೊಂಡಿವೆ, ನಾಳೆಯ ಬಗ್ಗೆ ಏನು ನಿರೀಕ್ಷಿಸುತ್ತಿವೆ ಎಂದು ತಿಳಿಯಬೇಕಾದರೆ ಮೂರು ಮಾತು ಸಾಲದು. ಅದಕ್ಕೊಂದು ಮಾಪಕ ಬೇಕು. ಆ ಮಾಪಕವೇ ಗ್ರಾಹಕ ವಿಶ್ವಾಸ ಸಮೀಕ್ಷೆ. ಮನಸ್ಸಿನಂಥ ಕಣ್ಣಿಗೆ ಕಾಣದ ವಸ್ತುವನ್ನು ಅಂಕಿಯಾಗಿಸುವುದು ಹೇಗೆ? ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಶಕ್ತಿ ಮತ್ತು ಮನಸ್ಸು

ಒಂದು ಕುಟುಂಬ ಹೊಸ ದ್ವಿಚಕ್ರ ವಾಹನ ಕೊಳ್ಳಲು ಎರಡು ಅಂಶಗಳು ಕೂಡಿಬರಬೇಕು. ಕೊಳ್ಳುವ ಶಕ್ತಿ ಒಂದು, ಕೊಳ್ಳುವ ಮನಸ್ಸು ಇನ್ನೊಂದು. ಸಂಬಳ ಮೊದಲಿನಷ್ಟೇ ಇದ್ದರೂ ಮುಂದಿನ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಹುಟ್ಟಿದರೆ ವಾಹನದ ಮಾತು ಮುಂದಕ್ಕೆ ಹೋಗುತ್ತದೆ. ಅಂಥ ಸಾವಿರಾರು ಮನೆಗಳು ಒಟ್ಟಿಗೆ ಖರೀದಿ ಮುಂದೂಡಿದರೆ ಅಂಗಡಿಯಲ್ಲಿ ಸರಕು ಉಳಿಯುತ್ತದೆ, ಕಾರ್ಖಾನೆಗೆ ಬೇಡಿಕೆ ತಗ್ಗುತ್ತದೆ, ಕೊನೆಗೆ ಯಾರದೋ ಕೆಲಸ ನಿಜವಾಗಿಯೂ ಹೋಗುತ್ತದೆ. ಅಂಜಿಕೆಯೇ ತನ್ನನ್ನು ನಿಜಮಾಡಿಕೊಳ್ಳುವ ಪರಿ ಇದು.

ಈ ವಿಚಾರಕ್ಕೆ ಅಳತೆಯ ರೂಪ ಕೊಟ್ಟವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವಿಜ್ಞಾನಿ ಜಾರ್ಜ್ ಕಟೋನ (1901-1981). ಎರಡನೆಯ ಮಹಾಯುದ್ಧದ ನಂತರ ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕುಟುಂಬ ಸಮೀಕ್ಷೆಗಳನ್ನು ಆರಂಭಿಸಿದರು. ವರಮಾನವನ್ನಷ್ಟೇ ನೋಡಿ ಖರ್ಚನ್ನು ಊಹಿಸಲಾಗದು, ಜನರ ಮನೋಭಾವವನ್ನೂ ಕೇಳಬೇಕು ಎಂಬುದು ಅವರ ವಾದ. ಅಲ್ಲಿ ಈಗಲೂ ಐದು ಪ್ರಶ್ನೆಗಳ ಆಧಾರದ ಮೇಲೆ ಸೂಚ್ಯಂಕ ಕಟ್ಟಲಾಗುತ್ತದೆ. 1966ರ ಮಟ್ಟವನ್ನು 100 ಎಂದು ಇಟ್ಟುಕೊಂಡ ಆ ಸೂಚ್ಯಂಕ, ಬೆಲೆ ಏರಿಕೆಯ ಬಿಸಿ ತಟ್ಟಿದ್ದ 2022ರ ಜೂನ್‌ನಲ್ಲಿ 50ಕ್ಕೆ ಇಳಿದಿತ್ತು.

ಭಾರತದ ಮಾಪಕಗಳು

ನಮ್ಮ ದೇಶದಲ್ಲಿ ಒಟ್ಟು ಆಂತರಿಕ ಉತ್ಪನ್ನದ ಅರ್ಧಕ್ಕಿಂತ ಹೆಚ್ಚು ಪಾಲು ಕುಟುಂಬಗಳ ಖರ್ಚಿನದೇ. ಹಾಗಾಗಿ ಮನೆಯವರ ಮನಸ್ಸನ್ನು ಅರಿಯುವುದು ಬಡ್ಡಿದರ ನಿಶ್ಚಯಿಸುವವರಿಗೂ ಅಗತ್ಯ. ಭಾರತೀಯ ರಿಸರ್ವ್ ಬ್ಯಾಂಕ್ 2010ರಲ್ಲಿ ಗ್ರಾಹಕ ವಿಶ್ವಾಸ ಸಮೀಕ್ಷೆಯನ್ನು ಆರಂಭಿಸಿತು. ಮೊದಲು ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತಾ, ಮುಂಬಯಿ, ದೆಹಲಿ ಈ ಆರು ಮಹಾನಗರಗಳಲ್ಲಿ ನಡೆಯುತ್ತಿದ್ದ ಸಮೀಕ್ಷೆ ಮುಂದೆ 13 ನಗರಗಳಿಗೆ, ಅನಂತರ 19 ನಗರಗಳಿಗೆ ವಿಸ್ತರಿಸಿತು. ಒಂದೊಂದು ಸುತ್ತಿನಲ್ಲಿ ಸುಮಾರು 6,000 ಕುಟುಂಬಗಳ ಅಭಿಪ್ರಾಯ ಪಡೆಯಲಾಗುತ್ತದೆ. ಎರಡು ತಿಂಗಳಿಗೊಮ್ಮೆ ಹಣಕಾಸು ನೀತಿಯ ಜೊತೆಗೆ ಫಲಿತಾಂಶ ಪ್ರಕಟವಾಗುತ್ತದೆ. ಗ್ರಾಮೀಣ ಕುಟುಂಬಗಳಿಗಾಗಿ ಈಗ ಪ್ರತ್ಯೇಕ ಸಮೀಕ್ಷೆಯೂ ಇದೆ.

ಇನ್ನೊಂದು ಮಾಪಕ ಭಾರತೀಯ ಆರ್ಥಿಕತೆಯ ನಿಗಾ ಕೇಂದ್ರ (ಸಿಎಂಐಇ) ಎಂಬ ಖಾಸಗಿ ಸಂಸ್ಥೆಯದು. 2014ರಿಂದ ನಡೆಯುತ್ತಿರುವ ಇದರ ಸಮೀಕ್ಷೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕುಟುಂಬಗಳಿವೆ. ಅದೇ ಕುಟುಂಬಗಳನ್ನು ವರ್ಷಕ್ಕೆ ಮೂರು ಸಲ ಭೇಟಿ ಮಾಡುವುದು ಇದರ ವಿಶೇಷ.

ಮೂರನೆಯದು ಸರ್ಕಾರದ ಕುಟುಂಬ ಅನುಭೋಗ ವೆಚ್ಚ ಸಮೀಕ್ಷೆ. ಇದು ಮನಸ್ಸನ್ನು ಕೇಳುವುದಿಲ್ಲ, ಖರ್ಚನ್ನೇ ಕೇಳುತ್ತದೆ: ಎಷ್ಟು ಅಕ್ಕಿ, ಎಷ್ಟು ಎಣ್ಣೆ, ಎಷ್ಟು ಬಾಡಿಗೆ. 2023-24ರ ಸಮೀಕ್ಷೆಯಲ್ಲಿ ಎರಡು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿದ್ದವು. ಅದರ ಪ್ರಕಾರ ತಲಾ ಮಾಸಿಕ ವೆಚ್ಚ ಗ್ರಾಮಗಳಲ್ಲಿ ರೂ. 4,122, ನಗರಗಳಲ್ಲಿ ರೂ. 6,996. ಆಹಾರದ ಪಾಲು ಗ್ರಾಮಗಳಲ್ಲಿ ಶೇಕಡ 47, ನಗರಗಳಲ್ಲಿ ಶೇಕಡ 40ರ ಆಸುಪಾಸು. ಖರ್ಚಿನ ಸಮೀಕ್ಷೆ ಆಗಿಹೋದದ್ದನ್ನು ಹೇಳಿದರೆ, ವಿಶ್ವಾಸದ ಸಮೀಕ್ಷೆ ಆಗಲಿರುವುದರ ಸುಳಿವು ಕೊಡುತ್ತದೆ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಈ ಎಲ್ಲದರ ನಡುವೆ ಗೋಕುಲ ರಸ್ತೆ ಎಲ್ಲಿದೆ? ರಿಸರ್ವ್ ಬ್ಯಾಂಕಿನ 19 ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು ಮಾತ್ರ. 2011ರ ಜನಗಣತಿಯಲ್ಲೇ 9.4 ಲಕ್ಷ ಜನಸಂಖ್ಯೆಯಿದ್ದ ಹುಬ್ಬಳ್ಳಿ-ಧಾರವಾಡ ಅದರಲ್ಲಿಲ್ಲ. ಹುಬ್ಬಳ್ಳಿಯ ಪೇಟೆ ಹತ್ತಿ, ಮೆಣಸಿನಕಾಯಿ, ಮಳೆ ಬೆಳೆಗಳ ಮೇಲೆ ನಿಂತದ್ದು. ಮದುವೆಯ ಜವಳಿಗೆ ಸುತ್ತಲಿನ ಜಿಲ್ಲೆಗಳಿಂದ ಜನ ಇಲ್ಲಿಗೆ ಬರುತ್ತಾರೆ. ಬೆಂಗಳೂರಿನ ಮನಸ್ಸನ್ನು ಇಲ್ಲಿಯ ಮನಸ್ಸೆಂದು ಓದಲಾಗದು. ಹಾಗೆಂದು ಇಲ್ಲಿ ಇಂಥ ಕೆಲಸವೇ ಆಗಿಲ್ಲವೆಂದಲ್ಲ. ಹುಬ್ಬಳ್ಳಿಯ ಆರ್ಥಿಕ ಜೀವನದ ಬಗ್ಗೆ ಬಿ. ಆರ್. ಢೇಕ್ನೆಯವರ ಅಧ್ಯಯನವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1959ರಷ್ಟು ಹಿಂದೆಯೇ ಪ್ರಕಟಿಸಿತ್ತು. ಆ ಪರಂಪರೆಯನ್ನು ಶಾಲಾ ಕಾಲೇಜುಗಳು ಸಣ್ಣ ಪ್ರಮಾಣದಲ್ಲಿ ಮುಂದುವರಿಸಬಹುದು.

ಉತ್ತರಗಳು ಅಂಕಿಯಾಗುವ ಬಗೆ

ರಿಸರ್ವ್ ಬ್ಯಾಂಕಿನ ವಿಧಾನದಲ್ಲಿ ಐದು ವಿಷಯಗಳಿವೆ: ಸಾಮಾನ್ಯ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆಗಳು, ಕುಟುಂಬದ ವರಮಾನ ಮತ್ತು ಖರ್ಚು. ಪ್ರತಿಯೊಂದಕ್ಕೂ ಎರಡು ಪ್ರಶ್ನೆ. ಒಂದು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಈಗ ಹೇಗಿದೆ? ಇನ್ನೊಂದು ವರ್ಷಕ್ಕೆ ಹೇಗಾಗಬಹುದು? ಮೊದಲಿನದರಿಂದ 'ಪ್ರಸಕ್ತ ಸ್ಥಿತಿ ಸೂಚ್ಯಂಕ', ಎರಡನೆಯದರಿಂದ 'ಭವಿಷ್ಯ ನಿರೀಕ್ಷಾ ಸೂಚ್ಯಂಕ' ಸಿಗುತ್ತದೆ. ಉತ್ತರ ಮೂರೇ ಬಗೆ: ಸುಧಾರಿಸಿದೆ, ಹಾಗೆಯೇ ಇದೆ, ಕೆಟ್ಟಿದೆ.

ಲೆಕ್ಕ ಸರಳ. ಸುಧಾರಿಸಿದೆ ಎಂದವರ ಶೇಕಡಾವಾರಿನಿಂದ ಕೆಟ್ಟಿದೆ ಎಂದವರ ಶೇಕಡಾವಾರನ್ನು ಕಳೆದರೆ ನಿವ್ವಳ ಪ್ರತಿಕ್ರಿಯೆ ದೊರೆಯುತ್ತದೆ. ಐದೂ ನಿವ್ವಳಗಳ ಸರಾಸರಿಗೆ 100 ಕೂಡಿಸಿದರೆ ಅದೇ ಸೂಚ್ಯಂಕ. ಎಲ್ಲರೂ ಎಲ್ಲದಕ್ಕೂ ಒಳ್ಳೆಯದೆಂದರೆ 200, ಎಲ್ಲರೂ ಕೆಟ್ಟದ್ದೆಂದರೆ 0. ನೂರು ನಡುಗೆರೆ. ಅದಕ್ಕಿಂತ ಮೇಲೆ ಆಶಾಭಾವ, ಕೆಳಗೆ ನಿರಾಶಾಭಾವ.

ಒಂದು ಉದಾಹರಣೆ ನೋಡೋಣ. ಇದು ಲೆಕ್ಕ ಕಲಿಯಲು ಕಲ್ಪಿಸಿಕೊಂಡ ಅಂಕಿಅಂಶ, ನಿಜವಾದ ಸಮೀಕ್ಷೆಯದಲ್ಲ. ಒಂದು ಬಡಾವಣೆಯ 100 ಕುಟುಂಬಗಳು ಹೀಗೆ ಉತ್ತರಿಸಿದವೆನ್ನಿ:

ಆರ್ಥಿಕ ಸ್ಥಿತಿ: ಸುಧಾರಣೆ 38, ಹಾಗೆಯೇ 28, ಇಳಿಕೆ 34. ನಿವ್ವಳ +4.
ಉದ್ಯೋಗ: ಸುಧಾರಣೆ 30, ಹಾಗೆಯೇ 30, ಇಳಿಕೆ 40. ನಿವ್ವಳ -10.
ಬೆಲೆಗಳು: ಇಳಿದಿವೆ 4, ಹಾಗೆಯೇ 8, ಏರಿವೆ 88. ನಿವ್ವಳ -84.
ವರಮಾನ: ಹೆಚ್ಚಿದೆ 26, ಹಾಗೆಯೇ 50, ತಗ್ಗಿದೆ 24. ನಿವ್ವಳ +2.
ಖರ್ಚು: ಹೆಚ್ಚಿದೆ 72, ಹಾಗೆಯೇ 20, ತಗ್ಗಿದೆ 8. ನಿವ್ವಳ +64.

ಬೆಲೆಯ ವಿಷಯದಲ್ಲಿ ಚಿಹ್ನೆ ತಿರುಗುಮುರುಗಾಗುವುದನ್ನು ಗಮನಿಸಿ. ಬೆಲೆ ಏರಿದರೆ ಗ್ರಾಹಕನಿಗೆ ಅದು ಕೆಟ್ಟ ಸುದ್ದಿ. ಐದರ ಮೊತ್ತ -24, ಸರಾಸರಿ -4.8, ಸೂಚ್ಯಂಕ 95.2. ನಡುಗೆರೆಗಿಂತ ತುಸುವೇ ಕೆಳಗೆ, ಪರವಾಗಿಲ್ಲ ಎನ್ನಿಸುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಖರ್ಚು ಹೆಚ್ಚಿದೆ ಎಂಬುದನ್ನು ಈ ಲೆಕ್ಕ ಒಳ್ಳೆಯ ಸುದ್ದಿ ಎಂದು ಎಣಿಸಿದೆ. ವರಮಾನ ಹೆಚ್ಚಿದ ಮನೆಗಳು 26, ಖರ್ಚು ಹೆಚ್ಚಿದ ಮನೆಗಳು 72. ಹಾಗಾದರೆ ಕನಿಷ್ಠ 46 ಮನೆಗಳಲ್ಲಿ ವರಮಾನ ಹೆಚ್ಚದೆಯೂ ಖರ್ಚು ಹೆಚ್ಚಿದೆ. ಎಣ್ಣೆ, ಬೇಳೆ, ಶಾಲಾ ಶುಲ್ಕ ದುಬಾರಿಯಾದದ್ದರಿಂದ ಕೈ ಬಿಚ್ಚಬೇಕಾಗಿ ಬಂದಿರಬಹುದು. ಅದು ಉತ್ಸಾಹವಲ್ಲ, ಅನಿವಾರ್ಯ. ಖರ್ಚಿನ ಪ್ರಶ್ನೆಯನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ತೆಗೆದರೆ -22, ಅಂದರೆ ಸೂಚ್ಯಂಕ 78. ಒಂದು ಪ್ರಶ್ನೆ ಸೇರಿಸುವುದರಿಂದ ಅಥವಾ ಬಿಡುವುದರಿಂದ ಚಿತ್ರ ಇಷ್ಟು ಬದಲಾಯಿತು! ಈ ಕಾರಣದಿಂದಲೇ ರಿಸರ್ವ್ ಬ್ಯಾಂಕ್ ಅಗತ್ಯ ವೆಚ್ಚ ಮತ್ತು ಅಗತ್ಯವಲ್ಲದ ವೆಚ್ಚಗಳನ್ನು ಬೇರೆಬೇರೆಯಾಗಿಯೂ ಕೇಳುತ್ತದೆ. ಸಿನಿಮಾ, ಪ್ರವಾಸ, ಹೋಟೆಲಿನ ಊಟಕ್ಕೆ ಹಣ ಬಿಡುತ್ತಿದ್ದಾರೆಯೇ ಎಂಬುದರಲ್ಲಿ ನಿಜವಾದ ವಿಶ್ವಾಸ ಕಾಣುತ್ತದೆ. ಸೂಚ್ಯಂಕವನ್ನು ಓದುವವರು ಅದರ ಘಟಕಗಳನ್ನೂ ಓದಬೇಕು.

ನಿಜವಾದ ಅಂಕಿಯೊಂದನ್ನೂ ನೋಡೋಣ. ಕೋವಿಡ್‌ನ ಎರಡನೆಯ ಅಲೆಯ ನಡುವೆ, 2021ರ ಮೇ ಸುತ್ತಿನಲ್ಲಿ, ಪ್ರಸಕ್ತ ಸ್ಥಿತಿ ಸೂಚ್ಯಂಕ 48.5ಕ್ಕೆ ಕುಸಿಯಿತು. ಅಂದರೆ ನಿವ್ವಳಗಳ ಸರಾಸರಿ -51.5. ಅದೇ ಸುತ್ತಿನಲ್ಲಿ ಭವಿಷ್ಯ ನಿರೀಕ್ಷಾ ಸೂಚ್ಯಂಕ 96.4 ಇತ್ತು. ಇಂದಿನ ಸ್ಥಿತಿ ಹದಗೆಟ್ಟಿದ್ದರೂ ಮುಂದಿನ ವರ್ಷ ಇಷ್ಟು ಕೆಟ್ಟದ್ದಿರಲಾರದೆಂಬ ಭರವಸೆ ಪೂರ್ತಿ ಆರಿರಲಿಲ್ಲ. ಆಗ ಮನೆಬಾಗಿಲಿಗೆ ಹೋಗಲಾಗದೆ ದೂರವಾಣಿಯಲ್ಲಿ ಪ್ರಶ್ನೆ ಕೇಳಲಾಯಿತು. ಕೇಳುವ ವಿಧಾನ ಬದಲಾದಾಗ ಸಿಗುವ ಜನರೂ ಸ್ವಲ್ಪ ಬದಲಾಗುತ್ತಾರೆಂಬುದನ್ನು ಹೋಲಿಕೆಯ ಹೊತ್ತಿನಲ್ಲಿ ನೆನಪಿಡಬೇಕು.

ಯಾವ ಮನೆಯ ಬಾಗಿಲು ತಟ್ಟಬೇಕು?

ಸಮೀಕ್ಷೆಯ ಜೀವಾಳ ಮಾದರಿಯ ಆಯ್ಕೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆನ್ನುತ್ತೇವೆ. ಆದರೆ ಪಾತ್ರೆಯ ಎಲ್ಲ ಕಡೆ ಒಂದೇ ಹದದಲ್ಲಿ ಬೆಂದಿರುವಾಗ ಮಾತ್ರ ಆ ಮಾತು ಸರಿ. ಊರು ಅಂಥ ಪಾತ್ರೆಯಲ್ಲ.

ಗೋಕುಲ ರಸ್ತೆಯನ್ನೇ ತೆಗೆದುಕೊಳ್ಳಿ. ವಿಮಾನ ನಿಲ್ದಾಣ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ವಾಣಿಜ್ಯ ಮಳಿಗೆಗಳು, ವಸತಿ ಬಡಾವಣೆಗಳು, ಹಳೆಯ ಗೋಕುಲ ಗ್ರಾಮ, ಇವೆಲ್ಲ ಒಂದೇ ರಸ್ತೆಯ ಆಸರೆಯಲ್ಲಿವೆ. ಮುಖ್ಯರಸ್ತೆಗೆ ಮುಖಮಾಡಿದ ಮನೆಯವರೂ ಒಳಓಣಿಯ ಬಾಡಿಗೆ ಮನೆಯವರೂ ಸಮಾನ ಸ್ಥಿತಿವಂತರಲ್ಲ. ಸಮೀಕ್ಷೆಗೆ ಹೊರಟವರು ಬಸ್ಸಿನಿಂದ ಇಳಿದು ಮುಖ್ಯರಸ್ತೆಯ ಮನೆಗಳಲ್ಲೇ ನಮೂನೆ ತುಂಬಿಸಿದರೆ ಏನಾಗುತ್ತದೆ?

ಲೆಕ್ಕಕ್ಕಾಗಿ 1,000 ಮನೆಗಳ ಪ್ರದೇಶವನ್ನು ಊಹಿಸಿ. ಮುಖ್ಯರಸ್ತೆಯಲ್ಲಿ 200, ಓಣಿಗಳಲ್ಲಿ 800 ಮನೆ. ಮುಖ್ಯರಸ್ತೆಯಲ್ಲಿ ಶೇಕಡ 50 ಮನೆಗಳ ವರಮಾನ ಹೆಚ್ಚಿದೆ, ಓಣಿಗಳಲ್ಲಿ ಶೇಕಡ 20 ಮಾತ್ರ. ಇಡೀ ಪ್ರದೇಶದಲ್ಲಿ ವರಮಾನ ಹೆಚ್ಚಿದ ಮನೆಗಳು 100 + 160 = 260, ಅಂದರೆ ಶೇಕಡ 26. ಈಗ 100 ಮನೆಗಳ ಮಾದರಿಯಲ್ಲಿ 50 ಮುಖ್ಯರಸ್ತೆಯಿಂದ, 50 ಓಣಿಗಳಿಂದ ಆಯ್ದರೆ ಉತ್ತರ 25 + 10 = 35. ಒಂಬತ್ತು ಅಂಶ ತಪ್ಪು. ಮಾದರಿಯನ್ನು ಎಷ್ಟೇ ದೊಡ್ಡದು ಮಾಡಿ, ಅರ್ಧರ್ಧ ಆಯ್ಕೆ ಉಳಿದಿರುವವರೆಗೆ ಈ ತಪ್ಪು ಉಳಿಯುತ್ತದೆ. ಸರಿಪಡಿಸುವ ದಾರಿ ಎಂದರೆ ಪ್ರತಿ ಗುಂಪಿಗೂ ಅದರ ನಿಜವಾದ ತೂಕ ಕೊಡುವುದು: 0.2 × 50 + 0.8 × 20 = 26.

ಇದು ಬರಿಯ ಪಠ್ಯಪುಸ್ತಕದ ಸಮಸ್ಯೆಯಲ್ಲ. ಸಿಎಂಐಇ ಸಮೀಕ್ಷೆಯಲ್ಲಿ ಮನೆಗಳ ಆಯ್ಕೆ ಮುಖ್ಯಬೀದಿಯಿಂದ ಆರಂಭವಾಗುತ್ತಿದ್ದುದರಿಂದ ಬಡ ಕುಟುಂಬಗಳು ಕಡಿಮೆಯಾಗಿ ಎಣಿಕೆಯಾಗಿವೆ ಎಂದು ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೆಜ್ ಮತ್ತು ಅನ್ಮೋಲ್ ಸೋಮಂಚಿ 2021ರಲ್ಲಿ ಆಕ್ಷೇಪಿಸಿದರು. ಸಂಸ್ಥೆಯ ಮಹೇಶ್ ವ್ಯಾಸ್ ತಮ್ಮ ವಿಧಾನವನ್ನು ಸಮರ್ಥಿಸಿಕೊಂಡರು. ಸಾರ್ವಜನಿಕವಾಗಿ ನಡೆದ ಈ ಚರ್ಚೆ ಒಂದು ಪಾಠ ಹೇಳುತ್ತದೆ: ಮಾದರಿ ದೊಡ್ಡದಾದ ಮಾತ್ರಕ್ಕೆ ಪ್ರಾತಿನಿಧಿಕವಾಗುವುದಿಲ್ಲ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿಯೂ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ತಪ್ಪಾಗಿ ಊಹಿಸಿತ್ತು.

ಹಾಗಾದರೆ ಸರಿಯಾದ ಆಯ್ಕೆ ಹೇಗೆ? ರಿಸರ್ವ್ ಬ್ಯಾಂಕ್ ಎರಡು ಹಂತದ ಕ್ರಮ ಅನುಸರಿಸುತ್ತದೆ. ಮೊದಲು ನಗರದ ಮತಗಟ್ಟೆ ಪ್ರದೇಶಗಳಲ್ಲಿ ಕೆಲವನ್ನು ಕ್ರಮಬದ್ಧ ಯಾದೃಚ್ಛಿಕ ವಿಧಾನದಿಂದ ಆರಿಸುತ್ತಾರೆ. ಅನಂತರ ಆ ಪ್ರದೇಶದೊಳಗೆ 'ಬಲಗೈ ನಿಯಮ'ದಂತೆ, ಗೋಡೆಯನ್ನು ಬಲಕ್ಕೆ ಇಟ್ಟುಕೊಂಡು ನಡೆಯುತ್ತ, ನಿಗದಿತ ಅಂತರಕ್ಕೊಂದು ಮನೆಯನ್ನು ಆರಿಸುತ್ತಾರೆ. ಯಾವ ಮನೆ ಎಂಬುದನ್ನು ಸಮೀಕ್ಷಕರ ಇಷ್ಟಾನಿಷ್ಟ ತೀರ್ಮಾನಿಸಬಾರದು. ಅದೇ ಇದರ ತಿರುಳು.

ಎಷ್ಟು ಮನೆ ಸಾಕು?

ಆಯ್ಕೆ ಯಾದೃಚ್ಛಿಕವಾಗಿದ್ದರೂ ಆಕಸ್ಮಿಕ ಏರುಪೇರು ಇದ್ದೇ ಇರುತ್ತದೆ. ಸಂಖ್ಯಾಶಾಸ್ತ್ರದ ಉಪಕಾರವೆಂದರೆ ಆ ಏರುಪೇರಿನ ಗಾತ್ರವನ್ನೂ ಅದು ಹೇಳಬಲ್ಲದು. ಒಳ್ಳೆಯದೆಂದವರ ಪ್ರಮಾಣ 'ಅ', ಕೆಟ್ಟದ್ದೆಂದವರ ಪ್ರಮಾಣ 'ಕ', ಮನೆಗಳ ಸಂಖ್ಯೆ 'ನ' ಆದರೆ ನಿವ್ವಳ ಪ್ರತಿಕ್ರಿಯೆಯ ಪ್ರಸರಣ [ಅ + ಕ - (ಅ - ಕ)²] ÷ ನ. ಇದರ ವರ್ಗಮೂಲವನ್ನು 1.96ರಿಂದ ಗುಣಿಸಿದರೆ ಶೇಕಡ 95 ಭರವಸೆಯ ದೋಷಮಿತಿ.

ನಮ್ಮ ಉದಾಹರಣೆಯ ವರಮಾನದ ಪ್ರಶ್ನೆಯಲ್ಲಿ ಅ = 0.26, ಕ = 0.24, ನ = 100. ದೋಷಮಿತಿ ಸುಮಾರು 14 ಅಂಶ. ಅಂದರೆ +2 ಎಂದು ಕಂಡದ್ದು ನಿಜದಲ್ಲಿ -12ರಿಂದ +16ರವರೆಗೆ ಎಲ್ಲಿಯಾದರೂ ಇರಬಹುದು! 'ಗೋಕುಲ ರಸ್ತೆಯವರ ವರಮಾನ ಸುಧಾರಿಸಿದೆ' ಎಂದು ಇದರಿಂದ ತಲೆಬರಹ ಬರೆಯುವಂತಿಲ್ಲ. ಆದರೆ ಬೆಲೆಗಳ -84 ಅಂಥ ಅನುಮಾನಕ್ಕೆ ಎಡೆಗೊಡದು. ದೋಷವನ್ನು ಅರ್ಧಕ್ಕೆ ಇಳಿಸಲು ಮನೆಗಳನ್ನು ನಾಲ್ಕು ಪಟ್ಟು ಮಾಡಬೇಕು: 400 ಮನೆಗಳಿಗೆ ಸುಮಾರು 7 ಅಂಶ. ಒಂದೇ ಓಣಿಯ ಅಕ್ಕಪಕ್ಕದ ಮನೆಗಳು ಒಂದನ್ನೊಂದು ಹೋಲುವುದರಿಂದ ಗುಂಪಾಗಿ ಆರಿಸಿದಾಗ ದೋಷ ಇನ್ನಷ್ಟು ಹೆಚ್ಚುತ್ತದೆ.

'ನಡದೈತ್ರಿ' ಎಂದರೆ ಯಾವ ಕಲಮು?

ಸೂತ್ರಕ್ಕೆ ಸಿಗದ ದೋಷಗಳೂ ಇವೆ. ಸಮೀಕ್ಷಕರು "ವರಮಾನ ಹ್ಯಾಂಗೈತ್ರಿ?" ಎಂದು ಕೇಳುತ್ತಾರೆ. ಮನೆಯವರು "ನಡದೈತ್ರಿ" ಎನ್ನುತ್ತಾರೆ. ಸುಧಾರಣೆಯೇ, ಹಾಗೆಯೇ ಇದೆಯೇ, ಸಂಕೋಚದಿಂದ ಮುಚ್ಚಿಟ್ಟ ಕಷ್ಟವೇ? ಸಮೀಕ್ಷಕರು ತಮಗೆ ತೋಚಿದ ಕಲಮಿಗೆ ಗುರುತು ಹಾಕಿದರೆ ಅದು ಮನೆಯವರ ಉತ್ತರವಲ್ಲ, ಸಮೀಕ್ಷಕರ ಉತ್ತರ. "ಹ್ವಾದ ವರ್ಷ ಇದೇ ಹೊತ್ತಿಗೆ ಇದ್ದದ್ದಕ್ಕಿಂತ ಹೆಚ್ಚೋ, ಅಷ್ಟ ಐತೋ, ಕಡಿಮಿಯೋ?" ಎಂದು ಮೂರೂ ಆಯ್ಕೆಗಳನ್ನು ಒಂದೇ ದನಿಯಲ್ಲಿ ಮುಂದಿಡಬೇಕು. "ಕಡಿಮಿ ಆಗೇತೇನ್ರಿ?" ಎಂದು ಕೇಳಿದರೆ ಹೌದೆಂಬ ಉತ್ತರಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಪ್ರಶ್ನೆಗಳ ಕ್ರಮವೂ ಮುಖ್ಯ. ಮೊದಲೇ ಟೊಮೆಟೊ, ಈರುಳ್ಳಿ ಬೆಲೆ ಕೇಳಿ ಸಿಟ್ಟು ಬರಿಸಿದರೆ ಮುಂದಿನ ಉತ್ತರಗಳೆಲ್ಲ ಕಪ್ಪಾಗುತ್ತವೆ. ಪಡಿತರ ಚೀಟಿ ರದ್ದಾದೀತೆಂಬ ಅಂಜಿಕೆಯಿಂದ ವರಮಾನ ಕಡಿಮೆ ಹೇಳುವವರುಂಟು. ಹಗಲು ಹೊತ್ತು ಹೋದರೆ ಕಾರ್ಖಾನೆಗೆ ಹೋದವರು ಸಿಗುವುದಿಲ್ಲ. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋದರೆ, ಗಂಡ ಹೆಂಡತಿ ಇಬ್ಬರೂ ದುಡಿಯುವ ಕುಟುಂಬಗಳು ಮಾದರಿಯಿಂದಲೇ ಜಾರಿಹೋಗುತ್ತವೆ. ದೀಪಾವಳಿಯ ಮುಂದೆ ಮಾಡಿದ ಸಮೀಕ್ಷೆಯನ್ನು ಬಿತ್ತನೆ ಕಾಲದ ಸಮೀಕ್ಷೆಯೊಂದಿಗೆ ಹೋಲಿಸುವುದೂ ಸಲ್ಲದು. ಒಂದು ವರ್ಷದ ಹಿಂದಿನ ಅದೇ ಕಾಲಕ್ಕೆ ಹೋಲಿಸಿ ಕೇಳುವುದರ ಅರ್ಥ ಇದೇ.

ನೀವೇ ಮಾಡಿ ನೋಡಿ

ಪ್ರೌಢಶಾಲೆ ಅಥವಾ ಪದವಿಪೂರ್ವ ತರಗತಿಯ 30 ವಿದ್ಯಾರ್ಥಿಗಳು ತಲಾ 5 ಮನೆಗಳಂತೆ 150 ಮನೆಗಳ ಸಮೀಕ್ಷೆಯನ್ನು ಒಂದು ವಾರದಲ್ಲಿ ಮುಗಿಸಬಹುದು.

1. ಶಾಲೆಯ ಸುತ್ತಲಿನ ಪ್ರದೇಶದ ನಕ್ಷೆ ಬರೆದು, ಓಣಿಗಳನ್ನೂ ಬಿಡದೆ ಮನೆಗಳಿಗೆ ಕ್ರಮಸಂಖ್ಯೆ ಕೊಡಿ. 1,500 ಮನೆಗಳಿದ್ದರೆ ಹತ್ತಕ್ಕೊಂದು ಆರಿಸಬೇಕು. 1ರಿಂದ 10ರೊಳಗೆ ಚೀಟಿ ಎತ್ತಿ. 7 ಬಂದರೆ 7, 17, 27... ಹೀಗೆ ಮುಂದುವರಿಯಿರಿ.
2. ಐದು ಪ್ರಶ್ನೆಗಳನ್ನು ಆಡುಮಾತಿನಲ್ಲಿ ಬರೆದು, ಎಲ್ಲರೂ ಅದೇ ಮಾತುಗಳಲ್ಲಿ ಕೇಳಿ. ಅಗತ್ಯ ಮತ್ತು ಅಗತ್ಯವಲ್ಲದ ಖರ್ಚುಗಳನ್ನು ಬೇರೆಯಾಗಿ ಕೇಳಿ.
3. ಇಬ್ಬಿಬ್ಬರಾಗಿ ಹೋಗಿ. ಉದ್ದೇಶ ತಿಳಿಸಿ ಒಪ್ಪಿಗೆ ಪಡೆಯಿರಿ. ಹೆಸರು, ದೂರವಾಣಿ ಸಂಖ್ಯೆ ಬರೆದುಕೊಳ್ಳಬೇಡಿ. ಬೀಗವಿದ್ದರೆ ಸಂಜೆ ಅಥವಾ ಭಾನುವಾರ ಮತ್ತೆ ಹೋಗಿ.
4. ನಿವ್ವಳ, ಸೂಚ್ಯಂಕ ಮತ್ತು ದೋಷಮಿತಿ ಲೆಕ್ಕಹಾಕಿ. ಮುಖ್ಯರಸ್ತೆ ಮತ್ತು ಓಣಿಗಳ ಫಲಿತಾಂಶವನ್ನು ಬೇರೆಬೇರೆಯಾಗಿಯೂ ತೆಗೆಯಿರಿ.
5. ಉತ್ತರ ಕೊಡಲು ಒಪ್ಪದವರ ಸಂಖ್ಯೆಯನ್ನು ಮರೆಯದೆ ವರದಿಯಲ್ಲಿ ಬರೆಯಿರಿ.

ಮುಂದಿನ ವರ್ಷ ಅದೇ ತಿಂಗಳಲ್ಲಿ ಇದನ್ನೇ ಮತ್ತೆ ಮಾಡಿದರೆ ಅಳತೆಗೆ ನಿಜವಾದ ಬೆಲೆ ಬರುತ್ತದೆ. ವಿಶ್ವಾಸದ ಸೂಚ್ಯಂಕದಲ್ಲಿ ಒಂದು ಸಲದ ಅಂಕಿಗಿಂತ ಅದು ಸಾಗುವ ದಿಕ್ಕು ಹೆಚ್ಚು ಹೇಳುತ್ತದೆ.

ಪತ್ರಿಕೆಯಲ್ಲಿ 'ಗ್ರಾಹಕರ ವಿಶ್ವಾಸ ಏರಿಕೆ' ಎಂಬ ಸುದ್ದಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆಗಳು ಈಗ ಸ್ಪಷ್ಟ. ಯಾವ ಊರುಗಳ, ಎಷ್ಟು ಮನೆಗಳ ಮಾತಿದು? ಮನೆಗಳನ್ನು ಹೇಗೆ ಆರಿಸಿದರು? ಏರಿಕೆ ದೋಷಮಿತಿಯನ್ನು ಮೀರಿದೆಯೇ? ಏರಿದ್ದು ಉತ್ಸಾಹದ ಖರ್ಚೋ, ಅನಿವಾರ್ಯದ ಖರ್ಚೋ? ಒಳಓಣಿಯ ಮನೆಯ ಬಾಗಿಲು ತಟ್ಟದ ಸಮೀಕ್ಷೆ ಆ ಮನೆಯ ಕಷ್ಟವನ್ನು ಲೆಕ್ಕದಿಂದಲೇ ಅಳಿಸಿಹಾಕುತ್ತದೆ. ಲೆಕ್ಕಕ್ಕೆ ಬಾರದ ಮನೆ ಯೋಜನೆಗೂ ಬರುವುದಿಲ್ಲ.